ಬಾಲಪ್ಪ ತಿನ್ನದ ಬೆಲ್ಲ

ಹೆಬ್ಬಂಡೆ ಅನ್ನೋ ಕಾಡಿನಲ್ಲಿ ಒಂದು ಬೀದಿ ಇತ್ತು. ಕಾಡಲ್ಲಿ ಬೀದಿ ಎಲ್ಲಿಂದ ಬಂತು ಅಂತ ನಗಬೇಡಿ ಮಕ್ಕಳೇ. ಇಸ್ಕೂಲಿಗೆ ಹೋದವರಿಗೆ ಗೊತ್ತಿಲ್ಲದ ಸಂಗತಿ ಈ ಮುದುಕನಿಗೆ ಬೇಕಾದಷ್ಟು ಗೊತ್ತು. ಬೀದಿಯ ಎರಡೂ ಕಡೆ ಪ್ರಾಣಿಗಳ ಮನೆಗಳಿದ್ದವು. ಒಂದು ತುದಿಯಲ್ಲಿ ಹುಲಿರಾಯನ ಗವಿ, ಇನ್ನೊಂದು ತುದಿಯಲ್ಲಿ ಕೆರೆ. ನಡುವೆ ಹೆಸರಿಗೂ ಒಂದು ಮರ ಇರಲಿಲ್ಲ.

ಬೇಸಿಗೆಯಲ್ಲಿ ಆ ಬೀದಿ ಎಷ್ಟು ಸುಡುತ್ತಿತ್ತು ಗೊತ್ತಾ? ಗಿಳಿ ಹಾರುತ್ತಾ ಮೊಟ್ಟೆ ಇಟ್ಟರೆ ನೆಲ ಮುಟ್ಟುವಷ್ಟರಲ್ಲಿ ಬೆಂದಿರುತ್ತಿತ್ತು. ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಆದರೆ ಇನ್ನೊಂದು ಸಂಗತಿ ಇದೆ, ಅದು ನಗುವ ಮಾತಲ್ಲ. ಒಂದು ವರ್ಷ ಮೊಲದ ಮರಿಯೊಂದು ನೀರಿಗೆ ಅಂತ ಹೊರಟಿತು. ಅರ್ಧ ಬೀದಿ ದಾಟಿತು. ಅಲ್ಲೇ ಬಿತ್ತು. ಮತ್ತೆ ಏಳಲಿಲ್ಲ.

ಅವತ್ತು ಸಂಜೆ ಆಮೆ ಚೌಡಜ್ಜಿ ಬೀದಿ ನಡುವೆ ನಿಂತಳು.

"ಇನ್ನೊಂದು ಕೂಸು ಬೀಳೋದರೊಳಗೆ ಇಲ್ಲಿ ನೆರಳು ಬರಬೇಕು. ಕೂಲಿ ಇಲ್ಲ, ಊಟ ಇಲ್ಲ. ಯಾರು ಬರ್ತೀರಪ್ಪಾ?"

ಮೊದಲು ಬಂದದ್ದು ಚಿಪ್ಪುಹಂದಿ ಬೋರ. "ಗುಂಡಿ ತೋಡೋದು ನನಗೆ ಬಿಡಜ್ಜಿ. ಹುಟ್ಟಿದಾಗಿಂದ ಅದೇ ಕೆಲಸ," ಅಂದ. ಮರಿ ಕಳಕೊಂಡ ತಾಯಿ ಮೊಲ ಬಂದಳು. ಮುಸುವಗಳು ಪಟ್ಟಣಕ್ಕೆ ಹೋಗಿ ನರ್ಸರಿಯವರು ಬೇಡ ಅಂತ ಬಿಟ್ಟ ಹೊಂಗೆ ಸಸಿಗಳನ್ನು ಹೊತ್ತು ತಂದವು. ಒಂದೊಂದು ಸಸಿಯೂ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿತ್ತು.

ಆರಿದ್ರಾ ಮಳೆ ಹಿಡಿಯಿತು. ನೆಡುವ ದಿನ ಬಂತು. ಮನೆಗೊಂದು ಸಸಿ, ಅವರವರ ಮನೆ ಮುಂದೆ. ಚೌಡಜ್ಜಿ ಒಂದು ಕಟ್ಟಳೆ ಮಾಡಿದಳು. ಸಸಿ ಇಳಿಸೋ ಮುಂಚೆ ಚೀಲ ಹರಿಯಬೇಕು. ಹರಿಯದಿದ್ದರೆ ಬೇರು ಅದರೊಳಗೇ ಸುತ್ತಿ ಸುತ್ತಿ ಉಸಿರು ಕಟ್ಟಿ ಸಾಯುತ್ತದೆ. ಹರಿದ ಚೀಲ ಬಿಸಾಡಲೂ ಬಾರದು. ಹಿಂದೊಮ್ಮೆ ಜಿಂಕೆಯೊಂದು ಅಂಥದ್ದೇ ಚೀಲ ನುಂಗಿ ಸತ್ತಿತ್ತು. ಅದಕ್ಕೇ ಚೀಲ ತಂದು ಅಜ್ಜಿಯ ಕೈಗೆ ಕೊಡಬೇಕು. ಕೊಟ್ಟವರಿಗೆ ಒಂದು ತುಂಡು ಬೆಲ್ಲ.

"ಚೀಲ ಕೊಡಿ, ಬೆಲ್ಲ ತಿನ್ನಿ!" ಅಂತ ಅಜ್ಜಿ ಕೂಗುತ್ತಿದ್ದಳು. ಆನೆಯಿಂದ ಅಳಿಲಿನವರೆಗೆ ಎಲ್ಲರೂ ಸಾಲಾಗಿ ನಿಂತು ಬಾಯಿ ಸಿಹಿ ಮಾಡಿಕೊಂಡರು.

ಒಬ್ಬನ ಹೊರತು. ಅವನೇ ನರಿ ಬಾಲಪ್ಪ, ಚೌಡಜ್ಜಿಯ ಎದುರು ಮನೆಯವನು. ಕಾಡಿನಲ್ಲೇ ದೊಡ್ಡ ಬಾಲ ಅವನದು. ಅದನ್ನು ದಿನಾ ಬಾಚಿ ಬೀದಿಗೆ ಬರುತ್ತಿದ್ದ. ಕೆಲಸ ಮುಗಿಯುವ ಹೊತ್ತಿಗೆ ಕೊರಳಿಗೆ ಹೂವಿನ ಹಾರ ಹಾಕಿಕೊಂಡು ಬಂದ. ಹಾರ ತಾನೇ ಕಟ್ಟಿಕೊಂಡದ್ದು. ಹಿಂದೆ ಗಿಳಿಗಳ ಹಿಂಡು. ಬೋರ ತೋಡಿಟ್ಟ ಗುಂಡಿಗೆ ಸಸಿಯನ್ನು ಹಾಗೇ ಇಳಿಸಿ, ಕಾಲಲ್ಲಿ ಮಣ್ಣು ತಳ್ಳಿದ.

"ಬಾಲಪ್ಪನವರ ಮರ! ಬಾಲಪ್ಪನವರ ಮರ!" ಅಂತ ಗಿಳಿಗಳು ಕಿರುಚಿದವು.

ಒಂದು ಭಾಷಣ ಬಿಗಿದು ಮನೆ ಸೇರಿಕೊಂಡ. ಚೀಲದ ಮಾತೂ ಅವನ ಕಿವಿಗೆ ಬೀಳಲಿಲ್ಲ, ಬೆಲ್ಲದ ಮಾತೂ ಬೀಳಲಿಲ್ಲ.

ಅಷ್ಟರಲ್ಲಿ ಹುಲಿರಾಯ ಗವಿಯಿಂದ ಬಂದ. ಎಲ್ಲರೂ ದಾರಿ ಬಿಟ್ಟು ಸರಿದರು.

"ನೆಟ್ಟು ಕೈ ತೊಳ್ಕೊಳ್ಳೋದು ನನಗೆ ಆಗಿಬರಲ್ಲ," ಅಂದ. "ಬರೋ ವರ್ಷ ಬೇಸಿಗೆಯಲ್ಲಿ, ಭರಣಿ ಮಳೆಗೆ ಮುಂಚೆ ನಾನೇ ಬಂದು ನೋಡ್ತೀನಿ. ಯಾರ ಗಿಡ ಒಣಗಿರುತ್ತೋ ಅವರು ಈ ಬೀದಿ ಬಿಡಬೇಕು."

ಹೆಬ್ಬಂಡೆ ಕೆರೆ ಬಿಟ್ಟರೆ ಇನ್ನೊಂದು ನೀರು ಇದ್ದದ್ದು ಏಳು ಗುಡ್ಡ ಆಚೆ. ಜಿಂಕೆ ಒಂದು ದಿನದಲ್ಲಿ ಹೋದೀತು. ಆಮೆ ಬೇಸಿಗೆಯಲ್ಲಿ ಹೊರಟರೆ ಎರಡನೇ ಗುಡ್ಡಕ್ಕೇ ಅವಳ ಕಥೆ ಮುಗಿಯಿತು. ಅದು ಎಲ್ಲರಿಗೂ ಗೊತ್ತಿತ್ತು. ಚೌಡಜ್ಜಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಮಳೆ ಹೋಯಿತು, ಚಳಿ ಹೋಯಿತು, ಬಿಸಿಲು ಬಂತು. ಚೌಡಜ್ಜಿ ದಿನಾ ಕೋಳಿ ಕೂಗೋ ಹೊತ್ತಿಗೆ ಹೊರಡುತ್ತಿದ್ದಳು. ಬೆನ್ನ ಮೇಲೆ ಒಂದು ಸೋರೆಬುರುಡೆ. ಕೆರೆಗೆ ಹೋಗಿ, ತುಂಬಿಕೊಂಡು, ವಾಪಸ್ಸು ಬರುವಷ್ಟರಲ್ಲಿ ಸಂಜೆ. ಒಂದು ಗಿಡಕ್ಕೆ ಒಂದು ದಿನ, ಒಂದು ದಿನಕ್ಕೆ ಒಂದು ಬುರುಡೆ. ಗಿಡ ಅವಳ ಕತ್ತು ದಾಟಿ ಬೆಳೆಯಿತು.

ಬಾಲಪ್ಪನ ಗಿಡ ಮಳೆ ನಿಂತ ಮೇಲೆ ಬಾಡಿತು. ಬೇಸಿಗೆ ಕಾಲಿಟ್ಟಾಗ ಒಣಗಿ ಕಡ್ಡಿಯಾಯಿತು.

"ಏನ್ ಬಾಲಪ್ಪಣ್ಣ, ಒಂದು ತಂಬಿಗೆ ನೀರಾದ್ರೂ ಹಾಕಬಾರದಾ?" ಅಂತ ಬೋರ ಕೇಳಿದ.

"ನೆಟ್ಟವನು ನಾನು. ಬೆಳೆಯೋದು ಅದರ ಕೆಲಸ. ಎರಡನ್ನೂ ನಾನೇ ಮಾಡ್ಲಾ?" ಅಂತ ಬಾಲ ಬಾಚಿಕೊಂಡ.

ಒಂದು ಬೆಳಿಗ್ಗೆ ಮರಕುಟಿಗ ಡಂಗುರ ಹೊಡೆಯಿತು. "ಇವತ್ತು ಸಂಜೆ ಹುಲಿರಾಯರು ಬರ್ತಾರೆ! ಗಿಡ ನೋಡ್ತಾರೆ!"

ಚೌಡಜ್ಜಿ ಆಗಲೇ ಕೆರೆ ದಾರಿ ಹಿಡಿದಿದ್ದಳು. ಬಾಲಪ್ಪ ಮನೆಯಿಂದ ಹೊರಗೆ ಓಡಿ ಬಂದ. ತನ್ನ ಕಡ್ಡಿ ನೋಡಿದ. ಎದುರಿಗೆ ಅಜ್ಜಿಯ ಹಸಿರು ಗಿಡ ನೋಡಿದ. ಮಧ್ಯಾಹ್ನವಾಗಲಿ ಅಂತ ಕಾದ.

ಮಧ್ಯಾಹ್ನ ಬೀದಿಯಲ್ಲಿ ಒಂದು ಇರುವೆಯೂ ಇರಲಿಲ್ಲ. ಎಲ್ಲರೂ ಬಿಲದೊಳಗೆ. ಬಾಲಪ್ಪ ಹೊಟ್ಟೆ ನೆಲಕ್ಕೆ ತಾಗಿಸಿ ಬೀದಿ ದಾಟಿದ. ಉಗುರು ಹಾಕಿ ಅಜ್ಜಿಯ ಗಿಡದ ಬುಡ ಕೆರೆದ. ಬೇರು ಆಳಕ್ಕೆ ಇಳಿದಿತ್ತು. ಹಲ್ಲು ಕಚ್ಚಿ ಎಳೆದ. ಪಟ್, ಪಟ್ ಅಂತ ಬೇರು ಹರಿದವು. ಯಾರಾದರೂ ಕೇಳಿಸಿಕೊಂಡರಾ? ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಗಿಡವನ್ನು ತಂದು ತನ್ನ ಗುಂಡಿಯಲ್ಲಿ ನಿಲ್ಲಿಸಿದ. ತನ್ನ ಕಡ್ಡಿ ಮಾತ್ರ ಎಣ್ಣೆ ಸವರಿದ ಕೈಯಿಂದ ಮುದ್ದೆ ಜಾರಿದ ಹಾಗೆ ಚೀಲದ ಸಮೇತ ಎದ್ದು ಬಂತು.

"ನೋಡು, ನನ್ನ ಗಿಡಕ್ಕೆ ಕಪ್ಪಂಗಿ ಇದೆ. ಅಜ್ಜಿ ಗಿಡಕ್ಕೆ ಅದೂ ಇಲ್ಲ. ಬಡವಿ, ಪಾಪ," ಅಂತ ಗೊಣಗಿ ಅದನ್ನು ಅಜ್ಜಿಯ ಗುಂಡಿಯಲ್ಲಿ ಊರಿದ.

ಸಂಜೆಯಾಯಿತು. ಹುಲಿರಾಯ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬಂದ. ಪ್ರತಿ ಗಿಡದ ಮುಂದೆ ನಿಲ್ಲುತ್ತಿದ್ದ, ಮೂಸುತ್ತಿದ್ದ, ಮುಂದೆ ಹೋಗುತ್ತಿದ್ದ. ಅವನು ಮುಂದೆ ಹೋದಾಗಷ್ಟೇ ಆ ಮನೆಯವರು ಉಸಿರು ಬಿಡುತ್ತಿದ್ದರು. ಚೌಡಜ್ಜಿ ನೀರು ಹೊತ್ತು ಮನೆ ಮುಟ್ಟುವಾಗ ಹುಲಿರಾಯ ಅವಳ ಗುಂಡಿಯ ಮುಂದೆಯೇ ನಿಂತಿದ್ದ. ಗುಂಡಿಯಲ್ಲಿ ಒಂದು ಒಣ ಕಡ್ಡಿ ಇತ್ತು.

ಅಜ್ಜಿಯ ಕಾಲು ನಿಂತಲ್ಲೇ ನಿಂತಿತು.

"ಚೌಡಜ್ಜಿ, ಇದೇನಿದು?"

"ಇದು ನನ್ನ ಗಿಡ ಅಲ್ಲ ಸ್ವಾಮಿ. ಬೆಳಿಗ್ಗೆ ಇಲ್ಲಿ ಎರಡು ಮೊಳದ ಹಸಿರು ಗಿಡ ಬಿಟ್ಟು ಹೋಗಿದ್ದೆ."

"ಹಗಲುಹೊತ್ತಲ್ಲಿ ಗಿಡ ನಡ್ಕೊಂಡು ಹೋಯ್ತಾ ಅಜ್ಜಿ? ನಿನಗಿಂತ ಜೋರಾಗಿ ನಡೆಯುತ್ತೆ ಬಿಡು!" ಅಂತ ಬಾಲಪ್ಪ ನಕ್ಕ. "ನಮ್ಮನೆ ಗಿಡ ನೋಡಿ ರಾಯರೇ."

ಹುಲಿರಾಯ ತಿರುಗಿದ. ಬಾಲಪ್ಪನ ಮನೆ ಮುಂದಿನ ಗಿಡದ ಎಲೆಗಳು ಜೋತುಬಿದ್ದಿದ್ದವು.

"ಯಾಕೋ ಬಾಡಿದೆಯಲ್ಲ?"

"ನಾಚಿಕೆ ಸ್ವಭಾವದ ಗಿಡ ರಾಯರೇ. ದೊಡ್ಡವರನ್ನ ಕಂಡ್ರೆ ತಲೆ ತಗ್ಗಿಸುತ್ತೆ."

ಚೌಡಜ್ಜಿಗೆ ತನ್ನ ಗಿಡದ ಗುರುತು ಸಿಕ್ಕಿತು. ಅದು ಕಣ್ಣೆದುರೇ ಸಾಯುತ್ತಿತ್ತು. ಆದರೆ ತನ್ನದು ಅನ್ನೋದಕ್ಕೆ ಸಾಕ್ಷಿ ಏನಿದೆ? ಹೊಂಗೆ ಎಲ್ಲ ಒಂದೇ ಥರ.

"ಅಪ್ಪಣೆ ಅಂದ್ರೆ ಅಪ್ಪಣೆ," ಅಂದ ಹುಲಿರಾಯ. ದನಿ ಭಾರವಾಗಿತ್ತು. "ನಾಳೆ ಸೂರ್ಯ ಹುಟ್ಟೋದ್ರೊಳಗೆ..."

ಅವನು ಮಾತು ಮುಗಿಸಿದ್ದರೆ ಅಜ್ಜಿಯ ಕಥೆಯೂ ಮುಗಿಯುತ್ತಿತ್ತು. ಆದರೆ ಬಾಲಪ್ಪನ ನಾಲಿಗೆ ಸುಮ್ಮನಿರಬೇಕಲ್ಲ!

"ಒಂದು ಹನಿ ನೀರು ಹಾಕಿಲ್ಲ ರಾಯರೇ ಈ ಮುದುಕಿ! ದಿನಾ ಬುರುಡೆ ಹೊತ್ತು ಬರೀ ನಾಟಕ. ಬೇಕಾದ್ರೆ ಕೀಳಿಸಿ, ಬೇರು ನೋಡಿ!"

ಹುಲಿರಾಯ ತಲೆಯಾಡಿಸಿದ. ಬೋರ ಅಳುತ್ತಲೇ ಕೆರೆದ. ಎರಡು ಸಲ ಕೆರೆಯುವಷ್ಟರಲ್ಲಿ ಕಪ್ಪು ಪ್ಲಾಸ್ಟಿಕ್ ಹೊಳೆಯಿತು. ಬೋರನ ಕೈ ಗಕ್ಕನೆ ನಿಂತಿತು. "ಅಜ್ಜೀ... ಇದರಲ್ಲಿ ಚೀಲ ಹಾಗೇ ಇದೆ."

ಗುಂಪು ಬಾಯಿ ಬಿಟ್ಟುಕೊಂಡು ನೋಡಿತು. ಊರಿಗೆಲ್ಲ ಚೀಲ ಹರಿಯಲು ಕಲಿಸಿದವಳ ಗುಂಡಿಯಲ್ಲೇ ಚೀಲ! ಚೌಡಜ್ಜಿ ಕತ್ತು ಉದ್ದ ಮಾಡಿದಳು. ಚೀಲ ನೋಡಿದಳು. ಆಮೇಲೆ ಬಾಲಪ್ಪನನ್ನು ನೋಡಿದಳು.

"ಬಾಲಪ್ಪಾ, ನಿನ್ನನ್ನ ಒಂದು ಮಾತು ಕೇಳ್ಲಾ? ಗಿಡ ನೆಟ್ಟ ದಿನ ನಿನಗೆ ಬೆಲ್ಲ ಸಿಕ್ತೇನಪ್ಪಾ?"

"ಸಾವು ಬದುಕಿನ ಹೊತ್ತಲ್ಲಿ ಬೆಲ್ಲದ ಮಾತ್ಯಾಕೆ?" ಅಂದ ಹುಲಿರಾಯ.

"ಅವನು ಹೇಳಲಿ ಸ್ವಾಮಿ."

ಬಾಲಪ್ಪ ಕಣ್ಣು ಕಿರಿದು ಮಾಡಿ ಯೋಚಿಸಿದ. ಬೆಲ್ಲ ತಿಂದೆ ಅಂದರೆ, ಸೇವೆ ಮಾಡಿದ್ದು ಬೆಲ್ಲದಾಸೆಗೆ ಅಂತ ಈ ಮುದುಕಿ ಮರ್ಯಾದೆ ತೆಗೀತಾಳೆ. ನನ್ನನ್ನು ಸಿಕ್ಕಿಸ್ತೀಯಾ? ಎದೆ ಉಬ್ಬಿಸಿದ. ಬಾಲ ಅರಳಿಸಿದ.

"ನಾನು ಬೆಲ್ಲ ತಿನ್ನೋನಾ? ಕೂಲಿ ಬೇಡದೆ ಸೇವೆ ಮಾಡಿದೋನು ನಾನು! ಒಂದು ಚೂರೂ ಮುಟ್ಟಿಲ್ಲ. ನಮ್ಮ ಮನೆದೇವರಾಣೆಗೂ ಮುಟ್ಟಿಲ್ಲ! ಯಾರಾದ್ರೂ ಕೊಟ್ಟಿದ್ರೆ ಹೇಳ್ಲಿ!"

ಆಗ ತಾಯಿ ಮೊಲ ಮುಂದೆ ಬಂದಳು. ಹುಲಿಯ ಎದುರು ಅವಳು ಬಾಯಿ ತೆರೆದದ್ದು ಅದೇ ಮೊದಲು.

"ರಾಯರೇ, ಅವತ್ತು ಚೀಲ ಹರಿದು ಕೊಟ್ಟೋರಿಗೆಲ್ಲ ಬೆಲ್ಲ ಸಿಕ್ಕಿತು. ನಾನು ತಿಂದೆ, ಬೋರ ತಿಂದ, ಬೀದಿಯೆಲ್ಲ ತಿಂತು. ಸಿಗದೆ ಇರೋದು ಚೀಲ ಕೊಡದೋನಿಗೆ ಮಾತ್ರ."

ಬಾಲಪ್ಪನ ಬಾಲ ನಿಧಾನಕ್ಕೆ ಕೆಳಗಿಳಿಯಿತು. ಹುಲಿರಾಯ ಅವನ ಕೈ ಹಿಡಿದು ನೋಡಿದ. ಉಗುರಿನ ಸಂದಿಯಲ್ಲಿ ಹಸಿ ಮಣ್ಣಿತ್ತು. ಆ ಬೇಸಿಗೆಯಲ್ಲಿ, ಚೌಡಜ್ಜಿ ನೀರು ಹಾಕಿದ ಜಾಗದಲ್ಲಲ್ಲದೆ ಹಸಿ ಮಣ್ಣು ಇನ್ನೆಲ್ಲಿತ್ತು?

ಹುಲಿರಾಯ ಪಂಜ ಎತ್ತಿದ. ಎಲ್ಲರೂ ಕಣ್ಣು ಮುಚ್ಚಿದರು.

"ಹೊಡೆಯೋದು ಆಮೇಲೆ ಸ್ವಾಮಿ, ಮೊದಲು ಗಿಡ!" ಅಂತ ಚೌಡಜ್ಜಿ ಕೂಗಿದಳು. ಬುರುಡೆಯ ನೀರನ್ನೆಲ್ಲ ಬಾಡಿದ ಗಿಡದ ಬುಡಕ್ಕೆ ಸುರಿದಳು. "ಬೇರು ಹರಿದಿದೆ. ಮತ್ತೆ ಕೀಳೋ ಹಾಗಿಲ್ಲ. ಇಲ್ಲೇ ಇರಲಿ. ಯಾರ ಮನೆ ಮುಂದೆ ಇದ್ದರೇನು, ನೆರಳು ಬೀದಿಗೆ ಬೀಳುತ್ತೆ. ಆದ್ರೆ ನಾಳೆ ಬಿಸಿಲು ತಡ್ಕೊಳಲ್ಲ. ಇದಕ್ಕೊಂದು ನೆರಳು ಬೇಕು."

ಹುಲಿರಾಯ ಬಾಲಪ್ಪನ ಬಾಲವನ್ನೇ ದಿಟ್ಟಿಸಿದ. "ನೆರಳು ಇಲ್ಲೇ ಇದೆಯಲ್ಲ," ಅಂದ. "ಭರಣಿ ಮಳೆ ಬೀಳೋವರೆಗೂ ಗಿಡದ ಮೇಲೆ ಬಾಲ ಹಿಡಿದು ನಿಲ್ಲಬೇಕು. ನೀರೂ ನೀನೇ ತರಬೇಕು. ಗಿಡ ಹೋದರೆ ನೀನೂ ಹೋದೆ, ಏಳು ಗುಡ್ಡ ಆಚೆ."

ಬಾಲಪ್ಪ ನಿಂತ. ಬೆಳಿಗ್ಗೆ ನೀರು ತಂದು, ದಿನವಿಡೀ ನಿಂತ. ಅವನ ಬಾಲದಲ್ಲಿ ಬಿಸಿಲಿಗೆ ಹೊಗೆ ಬರುತ್ತಿತ್ತು. ಮೂರನೇ ದಿನ ಎಲೆ ಉದುರಿದವು. ಐದನೇ ದಿನ ಗಿಡ ಬೋಳಾಯಿತು. ಬಾಲಪ್ಪ ಬುಡ ಮೂಸಿದ. ಬಾಲ ಮಾತ್ರ ಕೆಳಗಿಳಿಸಲಿಲ್ಲ. ಹದಿನಾಲ್ಕನೇ ದಿನ ಗುಡುಗಿತು. ಭರಣಿ ಮಳೆ ಬಿತ್ತು. ಬೋಳು ಕಡ್ಡಿಯ ತುದಿಯಲ್ಲಿ ಅಕ್ಕಿ ಕಾಳಿನಷ್ಟು ಕೆಂಪು ಚಿಗುರು ಕಂಡಿತು.

ಬಾಲಪ್ಪ ಮನೆಯೊಳಗೆ ಓಡಿದ. ಆ ಒಣ ಕಡ್ಡಿಯಿಂದ ಬಿಡಿಸಿದ ಕಪ್ಪು ಚೀಲವನ್ನು ತೊಳೆದು ಮಡಿಸಿ ಇಟ್ಟಿದ್ದ. ತಂದು ಅಜ್ಜಿಯ ಮುಂದೆ ಇಟ್ಟ. ಮುಖ ಎತ್ತಲಿಲ್ಲ. ಚೌಡಜ್ಜಿ ಚಿಪ್ಪಿನ ಸಂದಿಯಿಂದ ಒಂದು ತುಂಡು ಬೆಲ್ಲ ತೆಗೆದು ಅವನ ಕೈಗಿಟ್ಟಳು.

ಆ ಹೊಂಗೆ ಈಗಲೂ ಇದೆ. ಅದರ ಕೆಳಗೆ ಕೂತು ನಾನು ಆರು ಮುದ್ದೆ ಉಂಡಿದ್ದೇನೆ. ನೆರಳು ಎಷ್ಟು ದಟ್ಟ ಅಂದರೆ ಮಧ್ಯಾಹ್ನ ಲಾಟೀನು ಹಚ್ಚಿಕೊಂಡು ಸಾರು ಹುಡುಕಬೇಕಾಯಿತು. ಗಿಳಿಗಳು ಅದನ್ನು ಚೌಡಜ್ಜಿ ಮರ ಅಂತ ಕರೆಯುತ್ತವೆ. ಹಾಗಂತ ಹೇಳಿಕೊಟ್ಟವನು ಬಾಲಪ್ಪನೇ.

ನೀತಿ: ಗಿಡ ನೆಟ್ಟು ಹಾರ ಹಾಕಿಸಿಕೊಳ್ಳುವುದು ಒಂದು ಗಳಿಗೆಯ ಕೆಲಸ, ನೀರೆರೆದು ಕಾಯುವುದೇ ನಿಜವಾದ ಸೇವೆ, ಮಾಡದ ಸೇವೆಯನ್ನು ಕೊಚ್ಚಿಕೊಂಡವನು ತನ್ನ ಬಾಯಿಂದಲೇ ಸಿಕ್ಕಿಬೀಳುತ್ತಾನೆ.