ಬೇಲಿಯಾಚೆಯ ಜೇನು

“ಗುರುಗಳೇ, ಇನ್ನೊಬ್ಬರ ನೆಲದ ಕಾನೂನಿನಲ್ಲಿ ನನ್ನಂಥವಳಿಗೆ ಏನು ಹಕ್ಕಿದೆ?”

ಕೇಳಿದವಳು ನೀಲಾಂಬಿಕಾ, ಗದಗಿನ ಕಡೆಯವಳು. ಇಟಲಿಯ ಒಂದು ಹಳೆಯ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ ಕಾನೂನು ಓದುತ್ತಿದ್ದಳು. ಅಲ್ಲಿ ಹೊಸಬರನ್ನು ಹೈರಾಣ ಮಾಡುವ ವಿಷಯವೆಂದರೆ ಖಾಸಗಿ ಕಾನೂನಿನ ಮೂಲತತ್ತ್ವಗಳು. ಆಸ್ತಿ, ಒಪ್ಪಂದ, ಉಯಿಲು, ನೆರೆಹೊರೆಯವರ ಹಕ್ಕುಬಾಧ್ಯತೆ ಎಲ್ಲವೂ ಅದರೊಳಗೇ ಬರುತ್ತವೆ. ಪರೀಕ್ಷೆಯಲ್ಲಿ ಬರೆಯುವುದು ಏನೂ ಇಲ್ಲ. ಗುರುಗಳ ಎದುರು ಕುಳಿತು ಬಾಯಲ್ಲೇ ಉತ್ತರ ಹೇಳಬೇಕು.

ನೀಲಾಂಬಿಕಾ ಎರಡು ಸಲ ಹಾಗೆ ಕುಳಿತಿದ್ದಳು. ಎರಡು ಸಲವೂ ನಾಲಿಗೆ ಕಟ್ಟಿದಂತಾಗಿ ಎದ್ದು ಬಂದಿದ್ದಳು. ಮರುದಿನ ಆ ವರ್ಷದ ಕೊನೆಯ ಸರದಿ. ಅದರಲ್ಲೂ ತೇರ್ಗಡೆಯಾಗದಿದ್ದರೆ ವಿದ್ಯಾರ್ಥಿವೇತನ ನಿಂತು ಊರಿಗೆ ಮರಳಬೇಕಾಗುತ್ತಿತ್ತು. ಮೂರನೆಯ ಸಲ ಮರ್ಯಾದೆ ಕಳೆದುಕೊಳ್ಳುವುದಕ್ಕಿಂತ ತಾನಾಗಿಯೇ ಹಿಂದೆ ಸರಿಯುವುದು ಮೇಲು ಎಂದು ತೀರ್ಮಾನಿಸಿ, ಅದನ್ನು ಹೇಳಿ ಹೋಗಲು ಅವಳು ಬಂದಿದ್ದಳು.

“ಪಾಠ ಓದಿಲ್ಲವೇ?” ಎಂದು ಕೇಳಿದರು ಪ್ರೊಫೆಸರ್ ಓರ್ತೆನ್ಸಿಯಾ.

“ಓದಿದ್ದೇನೆ. ಆದರೆ ಇಲ್ಲಿಯವರು ಈ ಮಾತುಗಳನ್ನೆಲ್ಲ ಊಟ ಮಾಡುತ್ತ ಕೇಳಿ ಬೆಳೆದವರು. ಅವರ ಅಜ್ಜನ ಜಮೀನು, ಅವರ ಅಜ್ಜಿಯ ಉಯಿಲು. ನಾನು ಬಾಯಿ ತೆರೆದರೆ ಬೇರೆಯವರ ಮನೆಯ ವಿಷಯಕ್ಕೆ ತಲೆ ಹಾಕಿದಂತೆ ಅನ್ನಿಸುತ್ತದೆ. ತರಗತಿಯಲ್ಲಿ ಅರ್ಥವಾಗದ್ದನ್ನೂ ಹಾಗಾಗಿಯೇ ಕೇಳಲಿಲ್ಲ.” ಅಷ್ಟು ಹೇಳುವಾಗಲೇ ಅವಳಿಗೆ ಊರಲ್ಲಿ ಬೀಳ್ಕೊಟ್ಟವರ ಮುಖಗಳು ನೆನಪಾಗಿ ಅಳು ಒತ್ತರಿಸಿಕೊಂಡು ಬಂತು.

ಪ್ರೊಫೆಸರ್ ತಲೆ ನರೆತ ಹೆಂಗಸು. ಸಮಾಧಾನ ಹೇಳುವುದು ಅವರಿಗೆ ಬರುವುದಿಲ್ಲ ಎಂದು ವಿದ್ಯಾರ್ಥಿಗಳು ಆಡಿಕೊಳ್ಳುತ್ತಿದ್ದರು. ಅಂದೂ ಅವರು ಸಮಾಧಾನ ಹೇಳಲಿಲ್ಲ, ಕತೆ ಹೇಳಿದರು.

ಒಬ್ಬ ಜೇನು ಸಾಕುವವನಿದ್ದ. ಅವನ ಬೇಲಿಗೆ ಹೊಂದಿಕೊಂಡು ಒಬ್ಬ ರೈತನ ಹೊಲವಿತ್ತು. ಇಬ್ಬರಿಗೂ ಎಂದೋ ಮಾತಿಗೆ ಮಾತು ಬೆಳೆದು ಜಗಳವಾಗಿತ್ತು. ಜಗಳದ ಕಾರಣ ಇಬ್ಬರಿಗೂ ಮರೆತುಹೋಗಿ ಮುನಿಸು ಮಾತ್ರ ಉಳಿದಿತ್ತು. ಮುನಿಸೇನು, ನೀರು ಗೊಬ್ಬರ ಹಾಕದಿದ್ದರೂ ಬೆಳೆಯುವ ಫಸಲು.

ಒಂದು ವಸಂತದಲ್ಲಿ ಜೇನು ಸಾಕುವವನ ಪೆಟ್ಟಿಗೆಯಿಂದ ರಾಣಿಯೊಂದಿಗೆ ದೊಡ್ಡ ಹಿಂಡೊಂದು ಎದ್ದು ಹಾರಿತು. ಅವನ ಹಿಂಡುಗಳಲ್ಲೆಲ್ಲ ಒಳ್ಳೆಯದು ಅದೇ. ಆ ವರ್ಷದ ಸಂಸಾರ ಅದರ ಮೇಲೆಯೇ ನಿಂತಿತ್ತು. ಅವನು ಬುಟ್ಟಿ ಹಿಡಿದು ಹಿಂದೆಯೇ ಓಡಿದ. ಹಿಂಡು ಬೇಲಿ ದಾಟಿ ರೈತನ ಅಂಜೂರದ ಮರದಲ್ಲಿ ಕೂತಿತು. ಅವನ ಕಾಲುಗಳು ಬೇಲಿಯ ಹತ್ತಿರ ನಿಂತುಬಿಟ್ಟವು.

ಕರೆಯದೆ ಇನ್ನೊಬ್ಬರ ಹೊಲಕ್ಕೆ ಕಾಲಿಡುವುದು ಹೇಗೆ, ಆ ರೈತನೂ ಮನುಷ್ಯನೇ ತಾನೇ, ನೋಡಿ ಕರೆದಾನು ಎಂದುಕೊಂಡ. ರೈತ ನೋಡಿದ. ಬೇಕಿದ್ದರೆ ಅವನೇ ಕೇಳಲಿ ಎಂದುಕೊಂಡು ಕಳೆ ಕೀಳತೊಡಗಿದ. ಹೀಗೆ ಎರಡು ದಿನ ಒಬ್ಬ ಬೇಲಿಯ ಆಚೆ, ಒಬ್ಬ ಈಚೆ. ಮೂರನೆಯ ದಿನ ರೈತ ಒಂದು ಪೆಟ್ಟಿಗೆ ತಂದು ಹಿಂಡನ್ನು ಅದರೊಳಗೆ ಇಳಿಸಿಕೊಂಡ.

ಜೇನು ಸಾಕುವವನು ಉರಿದುಬಿದ್ದು ವಕೀಲನ ಬಳಿಗೆ ಹೋದ. ವಕೀಲ ಕಾನೂನಿನ ಪುಸ್ತಕ ತೆರೆದ.

“ಹಾರಿಹೋದ ಹಿಂಡನ್ನು ಇನ್ನೊಬ್ಬರ ನೆಲದೊಳಕ್ಕೂ ಬೆನ್ನಟ್ಟಿ ಹೋಗುವ ಹಕ್ಕು ಒಡೆಯನಿಗೆ ಇದೆ. ಅಲ್ಲಿ ಏನಾದರೂ ಹಾಳಾದರೆ ನಷ್ಟ ತುಂಬಿಕೊಡಬೇಕು, ಅಷ್ಟೇ. ಆದರೆ ಎರಡು ದಿನ ಬೆನ್ನಟ್ಟದೆ ಬಿಟ್ಟರೆ ಆ ನೆಲದವನು ಹಿಂಡನ್ನು ಹಿಡಿದು ಇಟ್ಟುಕೊಳ್ಳಬಹುದು.”

“ನಾನೆಲ್ಲಿ ಬಿಟ್ಟೆ ಸ್ವಾಮಿ? ಬೇಲಿಯ ಹತ್ತಿರವೇ ನಿಂತು ಕಣ್ಣು ಕೀಳದೆ ನೋಡುತ್ತಿದ್ದೆ.”

“ನೋಡುವುದು ಬೆನ್ನಟ್ಟುವುದಲ್ಲವಪ್ಪ,” ಎಂದ ವಕೀಲ.

ಅವನು ತಲೆ ತಗ್ಗಿಸಿ ಮನೆಗೆ ಬಂದ. ಹಿಂಡು ಹೋದ ಸಂಕಟಕ್ಕಿಂತ ಇನ್ನೊಂದು ಸಂಕಟ ಅವನನ್ನು ಹೆಚ್ಚು ಸುಟ್ಟಿತು. ಕಾನೂನು ಅವನಿಗೆ ಬಾಗಿಲು ತೆರೆದೇ ಇಟ್ಟಿತ್ತು. ಅದನ್ನು ಮುಚ್ಚಿಕೊಂಡು ನಿಂತವನು ಅವನೇ. ಆ ವರ್ಷ ಮನೆಯಲ್ಲಿ ಕಷ್ಟವಾಯಿತು. ಉಳಿದ ಪೆಟ್ಟಿಗೆಗಳನ್ನು ಜೋಪಾನ ಮಾಡಿಕೊಂಡು ಹೇಗೋ ದಿನ ತಳ್ಳಿದರು.

ಮುಂದಿನ ವಸಂತ ಬಂತು. ಈ ಸಲ ರೈತನ ಪೆಟ್ಟಿಗೆಯಿಂದ ಹಿಂಡು ಎದ್ದು ಬೇಲಿಯ ಈಚೆಗೆ ಹಾರಿ ಜೇನು ಸಾಕುವವನ ಸೇಬಿನ ಮರದಲ್ಲಿ ಕೂತಿತು. ರೈತ ಬುಟ್ಟಿ ಹಿಡಿದು ಓಡಿಬಂದು ಬೇಲಿಯ ಹೊರಗೆ ನಿಂತ.

“ಸುಮ್ಮನೆ ಕೂತಿರಿ,” ಎಂದಳು ಜೇನು ಸಾಕುವವನ ಹೆಂಡತಿ. “ಎರಡು ದಿನ ಕಳೆದರೆ ನಮ್ಮದು ನಮಗೇ ಬರುತ್ತದೆ.”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವನು ಒಂದು ದಿನ ಕೂತ. ಒಳಗೊಳಗೇ ಖುಷಿಯೂ ಆಯಿತು. ಆದರೆ ಕೂತಲ್ಲಿಂದ ರೈತನ ಮುಖ ಕಾಣುತ್ತಿತ್ತು. ಕೇಳಲು ಬಾಯಿ ಬಾರದೆ, ಬಿಟ್ಟುಹೋಗಲು ಮನಸ್ಸು ಬಾರದೆ ನಿಂತವನ ಮುಖ ಹೇಗಿರುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರುದಿನ ಬೆಳಿಗ್ಗೆ ಎದ್ದವನೇ ಹೋಗಿ ಬೇಲಿಯ ಬಾಗಿಲು ತೆಗೆದ.

“ಒಳಗೆ ಬಾರಯ್ಯ. ನನ್ನ ಅಪ್ಪಣೆ ನಿನಗೆ ಬೇಕಾಗಿಲ್ಲ, ಕಾನೂನೇ ಕೊಟ್ಟಿದೆ. ಹುರುಳಿಕಾಯಿ ಬಳ್ಳಿ ತುಳಿದರೆ ಮಾತ್ರ ನಷ್ಟ ಕಟ್ಟಿಕೊಡಬೇಕು, ನೋಡು.”

ರೈತ ಒಳಗೆ ಬಂದ. ಬಳ್ಳಿಯನ್ನೂ ತುಳಿದ. ಅದರ ನಷ್ಟಕ್ಕೆಂದು ಆ ಬೇಸಿಗೆಯ ಮೊದಲ ಜೇನುತುಪ್ಪವನ್ನು ತಂದುಕೊಟ್ಟ. ಅಂದಿನಿಂದ ಅವರ ಬೇಲಿಯ ಬಾಗಿಲಿಗೆ ಅಗುಳಿ ಬೀಳಲಿಲ್ಲ.

ಕತೆ ಮುಗಿಯಿತು. ಜೇನು ಹಿಂಡಿನ ಆ ವಿಧಿಯನ್ನು ನೀಲಾಂಬಿಕಾ ಎಂದೋ ಕಂಠಪಾಠ ಮಾಡಿದ್ದಳು. ಅದರೊಳಗೆ ಬುಟ್ಟಿ ಹಿಡಿದು ಓಡುವ ಒಬ್ಬ ಮನುಷ್ಯನಿದ್ದಾನೆಂದು ಮಾತ್ರ ಅವಳಿಗೆ ಹೊಳೆದಿರಲಿಲ್ಲ. ಅವಳಿಗೆ ಅವನ ಮೇಲೆ ಕನಿಕರ ಉಕ್ಕಿತು.

“ಪಾಪ, ಮೊದಲ ಸಲವೇ ಅವನನ್ನು ಯಾರಾದರೂ ಒಳಗೆ ಕರೆದಿದ್ದರೆ!” ಎಂದಳು.

ಪ್ರೊಫೆಸರ್ ಅವಳನ್ನೇ ನೋಡಿ ಹೇಳಿದರು: “ಇಷ್ಟು ದೂರ ಬೆನ್ನಟ್ಟಿ ಬಂದಿದ್ದೀಯಲ್ಲ ಮಗಳೇ, ನೀನು ಯಾರು ಕರೆಯಲೆಂದು ಕಾಯುತ್ತಿದ್ದೀಯೆ?”

ನೀಲಾಂಬಿಕಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ತರಗತಿಯಲ್ಲಿ ಕೇಳದೆ ಬಿಟ್ಟಿದ್ದ ಪ್ರಶ್ನೆಗಳಲ್ಲಿ ಮೊದಲನೆಯದನ್ನು ಕೇಳಿದಳು.