ರಾಜನ ಆಂಪ್ಲಿಫೈಯರೂ ಹುಲಿಗೆಮ್ಮನ ಅಣ್ಣನೂ

“ಕೇಳ್ರಪ್ಪೋ ಕೇಳಿ! ಬಾಗಿಲಲ್ಲಿ ವರ್ಷಗಟ್ಟಲೆ ಸುಮ್ಮನೆ ಕೂತಿರುತ್ತಾನೆ. ದೊಡ್ಡ ಕೆಲಸ ಮಾಡುವುದು ಒಂದೇ ದಿನ, ಆವತ್ತೇ ಸಾಯುತ್ತಾನೆ. ಯಾರವನು? ಇದಕ್ಕೂ ಇನ್ನೆರಡು ಒಗಟಿಗೂ ಉತ್ತರ ಹೇಳಿದವರು ಕೇಳಿದ್ದನ್ನು ಮಹಾರಾಜರು ಕೊಡುತ್ತಾರೆ. ತಪ್ಪಿದರೆ ತಲೆ ಹೋಗುತ್ತದೆ!” ಎಂದು ಊರಲ್ಲಿ ಡಂಗುರ ಸಾರಿದರು.

ತಲೆ ಕೆರೆದುಕೊಂಡಿರಾ? ಬಿಡಿ, ನಿಮ್ಮಿಂದಾಗದು. ಮೋಟಾರು ವೈಂಡಿಂಗ್ ಮಾಡುವ ಹುಲಿಗೆಮ್ಮ ಮಾತ್ರ ಕೈಯಲ್ಲಿದ್ದ ತಂತಿ ಬಿಸಾಕಿ ಅರಮನೆಗೆ ಓಡಿದಳು. ಸಿಡಿಲು ಬಡಿದ ದಿನ ರಾಜನ ಆಂಪ್ಲಿಫೈಯರ್ ಸುಟ್ಟಿತ್ತು. ತಪ್ಪು ಅವನದೇ ಎಂದು, ಅದನ್ನು ನೋಡಿಕೊಳ್ಳುತ್ತಿದ್ದ ಅವಳ ಅಣ್ಣ ಯಂಕೋಬನನ್ನು ಸೆರೆಮನೆಗೆ ಹಾಕಿದ್ದರು; ಶುಕ್ರವಾರ ಅವನ ತಲೆ ತೆಗೆಯುವವರಿದ್ದರು. ಪಕ್ಕದ ರಾಜ್ಯದ ರಾಜ ಹೊಸ ಆಂಪ್ಲಿಫೈಯರ್ ಕಳಿಸಿ, “ಇವಕ್ಕೆ ಉತ್ತರ ಗೊತ್ತಿಲ್ಲದೆ ಸ್ವಿಚ್ ಹಾಕಬೇಡಿ” ಎಂದು ಮೂರು ಒಗಟು ಬರೆದು, ಉತ್ತರಗಳನ್ನು ಲಕೋಟೆಯೊಳಗಿಟ್ಟು ಅಂಟಿಸಿದ್ದ.

ಮೊದಲು ಸೇನಾಪತಿ ಎದ್ದ. “ಕಾವಲುಗಾರ, ಪ್ರಭು!”

“ನಮ್ಮ ಕಾವಲುಗಾರರು ಕೆಲಸ ಬಂದ ದಿನ ಸಾಯೋದಿಲ್ಲ ಕಣಯ್ಯ, ಓಡಿಹೋಗ್ತಾರೆ,” ಎಂದ ರಾಜ. ಅವನನ್ನು ಸೆರೆಮನೆಗೆ ಎಳೆದೊಯ್ದರು.

ಮಂತ್ರಿ ಗಂಟಲು ಸರಿಮಾಡಿಕೊಂಡ. “ಮನೆ ಅಳಿಯ.” ಪಕ್ಕದಲ್ಲೇ ಹೋಳಿಗೆ ಮೆಲ್ಲುತ್ತಿದ್ದ ರಾಜನ ಅಳಿಯನಿಗೆ ಕೆಮ್ಮು ಬಂತು. ಮಂತ್ರಿಯೂ ಹೋದ.

“ಕರೆಂಟು ಒಳಬರೋ ಬಾಗಿಲಲ್ಲಿ ಇಡೋ ಸರ್ಜ್ ಪೆಟ್ಟಿಗೆಯೊಳಗಿನ ನೀಲಿ ಬಿಲ್ಲೆ, ಬುದ್ಧಿ,” ಎಂದಳು ಹುಲಿಗೆಮ್ಮ. “ಕರೆಂಟು ಉಕ್ಕಿ ಬಂದಾಗ ತಾನು ಸುಟ್ಟುಕೊಂಡು ಹಿಂದಿರೋದನ್ನ ಉಳಿಸ್ತದೆ.”

ರಾಜ ಎರಡನೆಯದನ್ನು ಓದಿದ. “ಹಾಡು ನಿಂತ ಮೇಲೂ ಗುಂಯ್ ಅನ್ನೋ ಭಂಡ ಯಾರು?”

“ಗಲೀಜು ಕರೆಂಟು. ನಿಮ್ಮ ಅಡುಗೆಮನೆ ಗ್ರೈಂಡರಿನ ಗಲಾಟೆ ಅದೇ ತಂತೀಲಿ ನುಸುಳಿ ಸ್ಪೀಕರಿಗೆ ಬರ್ತದೆ. ನಡುವೆ ಫಿಲ್ಟರ್ ಹಾಕಿ, ಜರಡಿ ಹಿಡಿದಂಗೆ.”

“ಉಪ್ಪು, ಇದ್ದಿಲು ತಿಂತಾಳೆ, ಸಿಡಿಲನ್ನೇ ನುಂಗ್ತಾಳೆ, ನೀರು ಕೊಡದಿದ್ದರೆ ಬಾಯಿ ಬಿಡಲ್ಲ. ಯಾರವಳು?”

ಹುಲಿಗೆಮ್ಮನಿಗೆ ಉತ್ತರ ಗೊತ್ತಿತ್ತು. ಆದರೆ ಅಂಗಳ ಕೆಸರಾಗುತ್ತದೆಂದು ಅಲ್ಲಿನ ಗುಂಡಿಗೆ ನೀರು ಬಿಡಬಾರದೆಂದು ಅಪ್ಪಣೆ ಮಾಡಿದವರು ಎದುರಿಗೇ ಕೂತ ರಾಣಿ. ಹೇಳಿದರೆ ತನ್ನ ತಲೆ, ಹೇಳದಿದ್ದರೆ ಅಣ್ಣನದು.

“ಸಿಡಿಲನ್ನ ನೆಲಕ್ಕೆ ಇಳಿಸೋ ಅರ್ತಿಂಗ್ ಗುಂಡಿ. ಮೂರು ವರ್ಷದಿಂದ ಒಣಗಿದೆ, ಅದಕ್ಕೇ ಸಿಡಿಲು ಆಂಪ್ಲಿಫೈಯರಿಗೆ ನುಗ್ಗಿತು. ತಪ್ಪು ಅಣ್ಣಂದಲ್ಲ, ರಾಣಿಯಮ್ಮಂದು.”

ರಾಜ ಲಕೋಟೆ ಹರಿದು ಓದಿದ. ಮೂರೂ ಸರಿ. ರಾಣಿ ಎದ್ದು, “ಕೊಡ ಎಲ್ಲಿದೆ? ನಾನೇ ನೀರು ಹಾಕ್ತೀನಿ,” ಎಂದರು.

“ಏನು ಬೇಕಮ್ಮ?” ಎಂದ ರಾಜ.

“ಅಣ್ಣ ಬೇಕು. ಆ ಇಬ್ಬರು ದಡ್ಡರ ತಲೆನೂ ಇರಲಿ ಬಿಡಿ, ಅವರ ಮೈ ಮೇಲೇನೇ.”

ರಾಜ ನಕ್ಕ, ಯಂಕೋಬ ಹೊರಗೆ ಬಂದ.

ನಿಜ ಹೇಳಲಾ? ರಾಜ ಲಕೋಟೆ ಹರಿಯುವವರೆಗೆ ನಮ್ಮಜ್ಜಿ ಹೇಳಿದ ಕತೆ. ಅಲ್ಲಿಗೆ ಅವಳು ಗೊರಕೆ ಹೊಡೆದಳು. ಉಳಿದದ್ದು ನಾನೇ ಕಟ್ಟಿದ್ದು. ಯಂಕೋಬನನ್ನು ಸೆರೆಮನೆಯಲ್ಲೇ ಬಿಟ್ಟು ನಾನು ಆಡೋಕೆ ಹೋಗೋದು ಹೇಗೆ?