ನೂರು ಕಿಲೋ ಚೀಲ

"ಗುರುಗಳೇ, ಮಾಲೀಕ ನನ್ನನ್ನು ಹೇಗೆ ಸೋಲಿಸಿದ?" ಎಂದು ಚನ್ನವೀರ ಕೇಳಿದ.

ಆಶ್ರಮಕ್ಕೆ ಬರುವ ಮೊದಲು ಅವನು ಒಂದು ನೂಲಿನ ಗಿರಣಿಯಲ್ಲಿ ಕೆಲಸಗಾರರ ಸಂಘದ ಕಾರ್ಯದರ್ಶಿಯಾಗಿದ್ದ. ಬಂದು ಎರಡು ವರ್ಷವಾದರೂ ಗಿರಣಿ ಅವನ ತಲೆಯಿಂದ ಇಳಿದಿರಲಿಲ್ಲ. ಧ್ಯಾನಕ್ಕೆ ಕೂತರೆ ಹತ್ತು ನಿಮಿಷಕ್ಕೆ ಎದ್ದುಬಿಡುತ್ತಿದ್ದ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು.

"ನಮ್ಮ ಬೇಡಿಕೆ ನ್ಯಾಯವಾಗಿತ್ತು," ಎಂದ. "ನಾನೂರು ಜನ ಒಂದೇ ಮಾತಿಗೆ ನಿಂತಿದ್ದರು. ಎಲ್ಲರ ಪರವಾಗಿ ನಾನು ಒಳಗೆ ಹೋಗಿ ಮಾತಾಡಿದೆ. ಹೊರಗೆ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಎಲ್ಲಿ ಎಡವಿದೆ ಎಂದು ಇವತ್ತಿಗೂ ತಿಳಿದಿಲ್ಲ."

ಗುರು ಹೇಳಿದರು: "ಕೂತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವ ತನಕ ಏಳಬೇಡ."

ಒಂದು ಪೇಟೆಯಲ್ಲಿ ಒಬ್ಬ ಜೋಳದ ಸಾಹುಕಾರನಿದ್ದ. ಅವನ ಗೋದಾಮಿನಲ್ಲಿ ಮೂವತ್ತು ಮಂದಿ ಹಮಾಲರು ಚೀಲ ಹೊರುತ್ತಿದ್ದರು. ಒಂದೊಂದು ಚೀಲ ನೂರು ಕಿಲೋ. ಇಬ್ಬರು ಎತ್ತಿ ಮೂರನೆಯವನ ಬೆನ್ನಿಗೆ ಹೇರುತ್ತಿದ್ದರು. ಅವನು ಹಲಗೆ ಹತ್ತಿ ಹೋಗಿ ಒಟ್ಟಿದ ಚೀಲಗಳ ಅಟ್ಟಿಯ ಮೇಲೆ ಇಳಿಸಿ ಬರುತ್ತಿದ್ದ.

ಮೂವತ್ತು ಮಂದಿಯಲ್ಲಿ ಯಮನೂರ ಎಂಬವನೊಬ್ಬನಿಗೆ ಮಾತ್ರ ಚೀಲ ಹೇರಲು ಯಾರೂ ಬೇಕಿರಲಿಲ್ಲ. ಬಗ್ಗಿ, ಕೊಕ್ಕೆ ಹಾಕಿ, ಒಂದೇ ಉಸಿರಿಗೆ ತಾನೇ ಬೆನ್ನ ಮೇಲೆ ಎಳೆದುಕೊಳ್ಳುತ್ತಿದ್ದ. ಪೇಟೆಗೆ ಬಂದ ರೈತರು ತಮ್ಮ ಕೆಲಸ ಬಿಟ್ಟು ನಿಂತು ನೋಡುತ್ತಿದ್ದರು. ನೋಡುವವರಿದ್ದರೆ ಯಮನೂರನ ನಡಿಗೆ ಇನ್ನಷ್ಟು ನಿಧಾನವಾಗುತ್ತಿತ್ತು. ಬಡವನಿಗೆ ಅಷ್ಟು ಬಿಂಕವಾದರೂ ಬೇಡವೇ?

ಅವನಿಗೆ ಈ ಕೆಲಸ ಕಲಿಸಿದವನು ಹುಚ್ಚೀರಪ್ಪ. ಹುಚ್ಚೀರಪ್ಪನಿಗೆ ಈಗ ವಯಸ್ಸಾಗಿತ್ತು, ಸೊಂಟ ಹೋಗಿತ್ತು. ಬೆಳಿಗ್ಗೆ ಎದ್ದು ನಿಲ್ಲಬೇಕಾದರೆ ಗೋಡೆ ಹಿಡಿಯಬೇಕು. ಇನ್ನೂ ಎಂಟು ಹತ್ತು ಮಂದಿಯ ಗತಿ ಅದೇ ಆಗಿತ್ತು, ಬಾಯಿಬಿಟ್ಟು ಹೇಳುತ್ತಿರಲಿಲ್ಲ ಅಷ್ಟೇ. ಒಂದು ದಿನ ಹಲಗೆಯ ನಡುವೆ ಚೀಲ ಹೊತ್ತ ಹುಚ್ಚೀರಪ್ಪನ ಕಾಲು ಗಡಗಡ ನಡುಗಿದ್ದನ್ನು ಯಮನೂರ ಕೆಳಗಿನಿಂದ ನೋಡಿದ. ಅವತ್ತು ಅವನಿಗೆ ಅನ್ನ ಸೇರಲಿಲ್ಲ. ಇವತ್ತು ಕಾಲು, ನಾಳೆ ಇಡೀ ಮನುಷ್ಯ ಎಂದು ಹೇಳಿಕೊಂಡು ಮನೆಮನೆಗೆ ಅಲೆದ. ತಿಂಗಳೊಳಗೆ ಮೂವತ್ತೂ ಮಂದಿ ಸೇರಿ ಸಂಘವಾಯಿತು.

ಅವರ ಬೇಡಿಕೆ ಒಂದೇ. ಚೀಲ ಐವತ್ತು ಕಿಲೋದ್ದಾಗಬೇಕು. ಅಲ್ಲಿಯ ತನಕ ಯಾರೂ ಚೀಲ ಮುಟ್ಟಬಾರದು.

ಹೊತ್ತನ್ನೂ ಸರಿಯಾಗಿಯೇ ನೋಡಿದ್ದರು. ಸುಗ್ಗಿಯ ಮಾಲು ಅಂಗಳದಲ್ಲಿ ಬಯಲಿಗೇ ಬಿದ್ದಿತ್ತು. ಕೆಲಸ ನಿಲ್ಲಿಸಿದ ದಿನ ಮಧ್ಯಾಹ್ನಕ್ಕೆ ಪಡುವಣದಲ್ಲಿ ಮೋಡ ಕಟ್ಟಿತು. ಸಾಹುಕಾರ ಎರಡು ಸಲ ಹೊರಗೆ ಬಂದು ಆಕಾಶ ನೋಡಿ ಒಳಗೆ ಹೋದ. ಮೂರನೆಯ ಸಲ, ಮಾತಾಡೋಣ ಬನ್ನಿ ಎಂದು ಹೇಳಿಕಳಿಸಿದ.

"ನಾನೂ ಬರ್ತೀನೋ ಒಳಗ," ಎಂದ ಹುಚ್ಚೀರಪ್ಪ. "ನನ್ನ ಸೊಂಟದ ಕತಿ ನಾನ ಹೇಳ್ತೀನಿ."

"ಬ್ಯಾಡ ಕಾಕಾ. ನಿನ್ನ ನೋಡಿದ್ರ, ಮುದುಕಗ ಆಗೂದಿಲ್ಲ, ಮನ್ಯಾಗ ಕುಂದ್ರಲಿ ಅಂತಾನ. ನಾ ಒಬ್ಬನ ಸಾಕು."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಕೊನೆಯ ಮಾತು ಹೇಳುವಾಗ ಯಮನೂರನಿಗೆ ಒಳಗೊಳಗೇ ಹಿತವಾಯಿತು. ಹೋಗು, ನೀನೇ ಹೋಗು ಎಂದು ಉಳಿದವರೂ ಬೆನ್ನು ತಟ್ಟಿ ಕಳಿಸಿದರು.

ಅವನು ಜಗಳಕ್ಕೆ ತಯಾರಾಗಿ ಹೋಗಿದ್ದ. ಸಾಹುಕಾರ ಜಗಳವಾಡಲೇ ಇಲ್ಲ. ಕುರ್ಚಿ ಕೊಟ್ಟ, ಚಹಾ ತರಿಸಿದ. ಯಮನೂರ ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ. ಬೈಗುಳಕ್ಕೆ ಎದುರು ಮಾತು ಹೊಂದಿಸಿಕೊಂಡು ಬಂದವನಿಗೆ ಆ ಕುರ್ಚಿಯಲ್ಲಿ ಕೈಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಕೊನೆಗೆ ಸಾಹುಕಾರ ಅಂದ: "ಅವ್ರು ಕೇಳೂದು ಖರೆ ಐತಿ ಬಿಡು, ಅವ್ರ ಕೈಲೆ ಆಗೂದಿಲ್ಲ. ಆದ್ರ ನೀನೂ ಕೇಳ್ತಿಯಲ್ಲೋ ಯಮನೂರ! ನಿನ್ನಂಥಾ ಹಮಾಲ ಈ ಸೀಮ್ಯಾಗ ಇಲ್ಲ ಅಂತ ಕಂಡಕಂಡವ್ರ ಮುಂದ ಹೇಳ್ಕೋತ ಬಂದೀನಿ. ನಿನಗೂ ನೂರು ಕಿಲೋ ಭಾರ ಆತೇನು?"

ಹುಚ್ಚೀರಪ್ಪನ ಸೊಂಟದ ಮಾತು ಯಮನೂರನ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಂದ ಬಂದದ್ದು ಬೇರೆ.

"ನನಗೇನ್ ಆಗೇತ್ರಿ? ನಾ ಈಗೂ ಹೊರ್ತೀನಿ. ಅವ್ರ ಸಲುವಾಗಿ ಕೇಳಾಕ ಬಂದೀನಿ."

ಸಾಹುಕಾರ ಮೀಸೆಯಡಿಯಲ್ಲಿ ಸ್ವಲ್ಪ ನಕ್ಕ. ಆ ನಗು ಯಮನೂರನನ್ನು ಕೂತಲ್ಲಿ ಕೂರಗೊಡಲಿಲ್ಲ. ನಂಬಲಿಲ್ಲವೇ ಇವನು? ಸೋತುಹೋದೆ ಅಂದುಕೊಂಡನೇ? ಅರ್ಧ ಕುಡಿದ ಚಹಾ ಅಲ್ಲೇ ಇಟ್ಟು ಎದ್ದ. ದಡದಡ ಅಂಗಳಕ್ಕೆ ಬಂದ. ಎದುರಿಗೆ ಸಿಕ್ಕಿದ ಚೀಲಕ್ಕೆ ಕೊಕ್ಕೆ ಹಾಕಿ ಬೆನ್ನ ಮೇಲೆ ಎಳೆದುಕೊಂಡ.

ಹಮಾಲರಿಗೆ ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ಒಬ್ಬ ಸಿಳ್ಳೆ ಹಾಕಿದ. ಅಷ್ಟೇ ಸಾಕಾಯಿತು, ಉಳಿದವರೂ ಚಪ್ಪಾಳೆ ತಟ್ಟಿ ಕೇಕೆ ಹಾಕಿದರು. ತಮ್ಮವನು, ಸಾಹುಕಾರನ ಎದುರಿಗೇ, ಒಬ್ಬನೇ ನೂರು ಕಿಲೋ ಎತ್ತಿದ್ದ. ಅವರ ಎದೆ ಉಬ್ಬಿತು. ಯಾವ ಚೀಲವನ್ನು ಮುಟ್ಟಬಾರದೆಂದು ಆಣೆ ಮಾಡಿದ್ದರೋ ಅದೇ ಚೀಲಕ್ಕೆ ಚಪ್ಪಾಳೆ!

"ಇಳಸೋ ಯಮನೂರ! ಇಳಸು!" ಎಂದು ಹುಚ್ಚೀರಪ್ಪ ಒಬ್ಬನೇ ಕೂಗಿದ. ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ.

ಯಮನೂರ ಹಲಗೆ ಹತ್ತಿದ, ಅಟ್ಟಿಯ ಮೇಲೆ ಚೀಲ ಇಳಿಸಿದ, ಬೆವರು ಒರೆಸಿಕೊಳ್ಳುತ್ತ ತಿರುಗಿದ. ಸಾಹುಕಾರ ಹೊಸ್ತಿಲಲ್ಲಿ ನಿಂತಿದ್ದ.

"ಎಲ್ಲಾರೂ ನೋಡಿದ್ರಲ್ಲ? ಚೀಲದ್ದೇನೂ ತಪ್ಪಿಲ್ಲ. ಆಗಾವ್ರು ಹೊರ್ರಿ, ಆಗದಾವ್ರು ಮನೀಗೆ ಹೋಗ್ರಿ."

ಚಪ್ಪಾಳೆ ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗುವುದಿಲ್ಲ ಎಂದು ಮೊದಲು ಹೇಳುವವನಾಗಲು ಯಾರಿಗೂ ಮನಸ್ಸಿರಲಿಲ್ಲ. ಒಬ್ಬ ತಲೆ ತಗ್ಗಿಸಿಕೊಂಡು ಹೋಗಿ ಚೀಲದ ಪಕ್ಕ ನಿಂತ. ಅವನ ಹಿಂದೆ ಇನ್ನೊಬ್ಬ ಹೋದ. "ನಿಲ್ರೋ, ನಾ ಹೇಳೂದು ಕೇಳ್ರಿ," ಎಂದು ಯಮನೂರ ಅವರ ನಡುವೆ ಅಡ್ಡಾಡಿದ. ಇವನ ಮಾತನ್ನು ಇನ್ನು ಯಾರು ಕೇಳುತ್ತಾರೆ? ಮಳೆ ಬೀಳುವ ಹೊತ್ತಿಗೆ ಅಂಗಳದಲ್ಲಿ ಒಂದು ಚೀಲವೂ ಉಳಿದಿರಲಿಲ್ಲ.

ಹುಚ್ಚೀರಪ್ಪ ತನ್ನ ಕೊಕ್ಕೆಯನ್ನು ತಂದು ಯಮನೂರನ ಕೈಗೆ ಕೊಟ್ಟ. "ನೀನ ಇಟ್ಕೋ, ನನಗಿನ್ನ ಯಾಕ ಬೇಕು," ಎಂದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಗೋಡೆ ಹಿಡಿದುಕೊಂಡು ಮಳೆಯಲ್ಲೇ ಮನೆಯ ಕಡೆ ನಡೆದ. ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ ಯಮನೂರ ಗೋದಾಮಿನ ಬಾಗಿಲಲ್ಲಿ ಒಳಗೂ ಹೊರಗೂ ಸುತ್ತಿದ.

ಗುರು ಕತೆ ನಿಲ್ಲಿಸಿದರು. ಚನ್ನವೀರ ಆಗಲೇ ಎದ್ದು ನಿಂತಿದ್ದ.

"ಅಲ್ಲ ಗುರುಗಳೇ, ಹೊರಬಲ್ಲವನು ಹೊರಲಾರೆ ಎಂದು ಸುಳ್ಳು ಹೇಳಬೇಕಿತ್ತೇ? ಅವನದೇನೂ ತಪ್ಪಿಲ್ಲ. ಸಾಹುಕಾರ ಕಪಟಿ. ಅದೂ ಅಲ್ಲದೆ, ನನ್ನ ವಿಷಯವೇ ಬೇರೆ. ನಮ್ಮ ಮಾಲೀಕ ನನ್ನಿಂದ ಏನನ್ನೂ ಎತ್ತಿಸಲಿಲ್ಲ."

ಗುರು ಕೇಳಿದರು: "ಹಾಗಾದರೆ ಅವನು ನಿನ್ನನ್ನು ಏನೆಂದು ಹೊಗಳಿದ, ಅಷ್ಟು ಹೇಳು."

ಎದ್ದು ನಿಂತಿದ್ದ ಚನ್ನವೀರ ಮೆಲ್ಲಗೆ ಮತ್ತೆ ಕೂತುಕೊಂಡ.